ಎರಡು ಬೆರಳು ಕಡಿಮೆ

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಎರಡು ರಿಕ್ಷಾ ಹುಡ್ ಮುಗಿಸಿದೆ. ಒಂದು ಕಾತ್ರಜ್ ಸ್ಟ್ಯಾಂಡಿನದು. ಇನ್ನೊಂದು ಯಾವನದೋ — ಹೆಸರು ಹೇಳಲಿಲ್ಲ, ಮೂಲೆಯ ಹೊಲಿಗೆ ಸರಿಯಿಲ್ಲ ಅಂತ ಮಾತ್ರ ಹೇಳಿದ. ಇಪ್ಪತ್ತೆರಡು ವರ್ಷದಿಂದ ಪುಣೆಯ ಬಿಬವೇವಾಡಿಯಲ್ಲಿ ರಿಕ್ಷಾಗಳಿಗೆ ಹುಡ್ ಹೊಲಿಯುತ್ತಿದ್ದೇನೆ, ನನಗೇ ಮೂಲೆ ಕಲಿಸಲು ಬಂದಿದ್ದ. ಮರಾಠಿಯಲ್ಲಿ ಚೆನ್ನಾಗಿ ಬೈದು ಕಳಿಸಿದೆ. ಆಮೇಲೆ ಯೋಚನೆ ಮಾಡಿದರೆ ಮೂಲೆ ನಿಜವಾಗಿಯೂ ಸರಿಯಿರಲಿಲ್ಲ. ಫೋನ್ ಮಾಡಿ ಕರೆಸಿ ಬಿಚ್ಚಿ ಹೊಲಿದುಕೊಟ್ಟೆ.

ಹನ್ನೊಂದಕ್ಕೆ ಪಕ್ಕದ ಶೆಡ್ಡಿಗೆ, ಅಂದರೆ ನಮ್ಮವರ ಡೆಂಟಿಂಗ್ ಶೆಡ್ಡಿಗೆ, ಟೋ ಗಾಡಿಯ ಮೇಲೆ ಒಂದು ಕಾರು ಬಂತು. ಪುಟ್ಟದು. ಎರಡೇ ಬಾಗಿಲು, ಎರಡೇ ಸೀಟು, ಉದ್ದ ಮೂತಿ. ಮೈಗೆಲ್ಲ ಹೊಸ ಹಸಿರು ಬಣ್ಣ ಆಗಿದೆ. ತಲೆ ಮಾತ್ರ ಇಲ್ಲ.

ಮಾಲೀಕರು ನಲವತ್ತರ ಆಸುಪಾಸಿನ ಸಾಫ್ಟ್‌ವೇರ್ ಮನುಷ್ಯ, ಮಧುಕರ್. ಮನೆ ಬಾಣೇರ್, ಊರು ಮಂಡ್ಯ. ಅಷ್ಟು ದೂರದಿಂದ ಇಲ್ಲಿಗೆ ಯಾಕೆ ಬಂದಿರಿ ಅಂದರೆ, ಯಾರೋ ಹೇಳಿದರಂತೆ: "ಅಲ್ಲಿ ಗಂಡ ತಗಡು ಬಡೀತಾನೆ, ಹೆಂಡ್ತಿ ರೆಕ್ಸಿನ್ ಹೊಲೀತಾಳೆ, ಇಬ್ರೂ ಕನ್ನಡದಲ್ಲೇ ಜಗಳ ಆಡ್ತಾರೆ." ಒಳ್ಳೆಯ ಹೆಸರು ಸಂಪಾದಿಸಿದ್ದೇವೆ.

ಕಾರು ಇಂಗ್ಲೆಂಡಿನದು, ಅರವತ್ತರ ದಶಕದ್ದು. ಹೆಸರು ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದೆ. ಹಸಿರು ಗಾಡಿ ಅಂದರೆ ಸಾಕು. ಕಂಪನಿಯವರು ಎರಡು ಥರ ಮಾಡುತ್ತಿದ್ದರಂತೆ. ಕೂಪೆ ಅಂದರೆ ತಗಡಿನ ತಲೆ, ಬೋಲ್ಟ್ ಹಾಕಿ ಕೂರಿಸಿದ್ದು. ಕನ್ವರ್ಟಿಬಲ್ ಅಂದರೆ ರೆಕ್ಸಿನ್ ಹುಡ್, ಬೇಕೆಂದಾಗ ಹಿಂದಕ್ಕೆ ಮಡಚಿಡುವುದು. ಕೆಳಗಿನ ಮೈ ಎರಡಕ್ಕೂ ಒಂದೇ. ಈ ಗಾಡಿ ಹುಟ್ಟಿದ್ದು ಕೂಪೆಯಾಗಿ. ತಲೆ ತುಕ್ಕು ತಿಂದು ಜರಡಿಯಾಗಿ, ಹಿಂದಿನವರು ಬಿಚ್ಚಿ ಎಸೆದಿದ್ದಾರೆ. ಈಗ ಯಾವುದು ಬೇಕಾದರೂ ಆಗಬಹುದು.

"ಯಾವ್ದು ಮಾಡ್ಸೋದು ಅಂತ ಡಿಸೈಡ್ ಮಾಡಕ್ಕೇ ಆಗ್ತಿಲ್ಲ ಅಕ್ಕ," ಅಂದರು. "ಕೂಪೆ ಆದ್ರೆ ಅಮ್ಮನ್ನ ಆರಾಮಾಗಿ ಕರ್ಕೊಂಡ್ ಹೋಗ್ಬೋದು. ಅಪ್ಪ ಹೋದ್ಮೇಲೆ ಅಮ್ಮ ಫ್ಲಾಟ್ ಬಿಟ್ಟು ಆಚೆನೇ ಬರ್ತಿಲ್ಲ. ಕನ್ವರ್ಟಿಬಲ್ ಆದ್ರೆ... ಅದು ನಂಗೆ ಚಿಕ್ಕ ವಯಸ್ಸಿಂದ ಆಸೆ."

"ಕೂಪೇನೇ ಮಾಡಸ್ರಿ ಸಾಹೇಬ್ರ," ಅಂದರು ನಮ್ಮವರು, ಅವರ ಮಾತು ಮುಗಿಯುವುದರೊಳಗೆ.

ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದದ್ದು ನನಗೇ ಆಶ್ಚರ್ಯ.

ಮಾರ್ಚ್ 13, ಗುರುವಾರ. ಮಧ್ಯಾಹ್ನ

ಯಾಕೆ ಸುಮ್ಮನಿದ್ದೆ ಅಂತ ಇಲ್ಲಿ ಬರೆಯಬಹುದು. ರೆಕ್ಸಿನ್ ವ್ಯಾಪಾರಿ ಕೊಟ್ಟ ಡೈರಿ ಇದು. ಅಂಗಡಿಗೆ ಬರುವವರಿಗೆ ಕನ್ನಡ ಬರುವುದಿಲ್ಲ. ನಮ್ಮವರಿಗೆ ಬರುತ್ತದೆ, ಆದರೆ ಹೆಂಡತಿ ಬರೆದದ್ದನ್ನು ಓದುವ ತಾಳ್ಮೆ ಇಲ್ಲ.

ನನಗೆ ಆ ಹುಡ್ ಬೇಕು.

ರಿಕ್ಷಾ ಹುಡ್ ಹೊಲಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಒಮ್ಮೆ ಎಳೆದು ಕಟ್ಟಿದರೆ ಮುಗಿಯಿತು, ಹರಿಯುವ ತನಕ ಅಲ್ಲೇ. ಈಗ ಬರುವ ಕರೆಂಟಿನ ರಿಕ್ಷಾಗಳಲ್ಲಿ ಎಷ್ಟೋ ಗಟ್ಟಿ ತಲೆ ಹೊತ್ತುಕೊಂಡೇ ಬರುತ್ತಿವೆ. ಮಡಚುವ ಹುಡ್ ಅಂದರೆ ಬೇರೆ ಕೆಲಸ. ಹುಡ್ ಎತ್ತಿಹಿಡಿಯುವ ಮೂರು ಕಮಾನು, ಹಿಂದೆ ನೋಡಲು ಪ್ಲಾಸ್ಟಿಕ್ ಕಿಟಕಿ, ಮುಂದೆ ಗಾಜಿನ ಮೇಲಂಚಿಗೆ ಸಿಕ್ಕಿಸಲು ಎರಡು ಕ್ಲಿಪ್. ಅಂಥದ್ದೊಂದನ್ನು ಹೊಲಿದು ಸಾಯಬೇಕು. ಸಾಯುವ ಮಾತು ಜಾಸ್ತಿ ಆಯಿತು. ಹೊಲಿದು ಬದುಕಬೇಕು.

ಆದರೆ ನಮ್ಮವರಿಗೂ ಈ ತಲೆ ಬೇಕು. ಒಂದು ಇಡೀ ತಗಡನ್ನು ಬಡಿದು ಆಕಾರಕ್ಕೆ ತಂದು ಹನ್ನೊಂದು ವರ್ಷ ಆಯಿತು. ಈಗ ಬಾಗಿಲು ನೆಗ್ಗಿದರೆ ಬಾಗಿಲನ್ನೇ ಬದಲಿಸುತ್ತಾರೆ, ಬಡಿಯಲು ಯಾರು ಕೊಡುತ್ತಾರೆ? ಒಂಬತ್ತು ಸುತ್ತಿಗೆ ಗೋಡೆಗೆ ನೇತುಬಿದ್ದಿದ್ದವು. ಮೊನ್ನೆ ಗಾಡಿ ಬಂದ ಸಂಜೆ ಒಂಬತ್ತನ್ನೂ ಇಳಿಸಿ ಎಣ್ಣೆ ಹಚ್ಚಿ ಒರೆಸಿದರು. ಸಿಳ್ಳೆ ಬೇರೆ.

ಗಾಡಿ ಒಂದೇ, ತಲೆ ಒಂದೇ. ಇವರಿಗೆ ಸಿಕ್ಕರೆ ನನಗಿಲ್ಲ.

ಮಾರ್ಚ್ 16, ಭಾನುವಾರ

ಇವತ್ತು ಬಾಯಿ ಬಿಟ್ಟೆ. ಮಧುಕರ್ ಎದುರಿಗೇ. "ಕನ್ವರ್ಟಿಬಲ್ ಮಾಡಸ್ರಿ ಸರ್. ಹುಡ್ ನಾ ಹೊಲಿತೀನಿ."

ನಮ್ಮವರು ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಶುರು.

"ರೆಕ್ಸಿನ್ ಹುಡ್ ಅಂದ್ರ ಟೆಂಟ್ ಹೊತ್ಕೊಂಡು ತಿರುಗಿದಂಗ. ಮಳಿ ಬಂದ್ರ ಸೋರ್ತದ. ಯಾವನರ ಬ್ಲೇಡ್ ಎಳದ್ರ ಖಲಾಸ್."

"ಪುಣೆ ಬಿಸಲಾಗ ತಗಡಿನ ಕೆಳಗ ಕುಂತ್ರ ಭಜಿ ಆಗ್ತಾರ."

"ಗಾಡಿ ಹುಟ್ಟಿದ್ದೇ ಕೂಪೆ ಆಗಿ."

"ಹುಟ್ಟಿದಂಗೇ ಇರಬೇಕಂದ್ರ ನೀವು ಇನ್ನಾ ಜೇವರ್ಗಿಯಾಗ ಇರ್ತಿದ್ರಿ."

ಮಧುಕರ್ ಮೊದಲು ನಕ್ಕರು, ಆಮೇಲೆ ಗಾಬರಿಯಾದರು. ಕೊನೆಗೆ ಉಪಾಯ ಅವರದೇ. ಇಬ್ಬರೂ ಒಂದೊಂದು ಮಾದರಿ ಮಾಡಿ ಗಾಡಿಯ ಮೇಲಿಟ್ಟು ತೋರಿಸುವುದು. ಯುಗಾದಿಗೆ ಅಮ್ಮನನ್ನು ಕರೆದುಕೊಂಡು ಬಂದು ನೋಡುತ್ತಾರೆ. ಆ ನೆಪದಲ್ಲಾದರೂ ಅಮ್ಮ ಹೊರಗೆ ಬಂದರೆ ಅದೇ ಲಾಭ ಅಂದರು.

ಊಟಕ್ಕೆ ಕುಳಿತಾಗ ಇವರು, "ಸೋಲ್ತಿ ನೋಡು," ಅಂದರು. ನೋಡೋಣ ಅಂದೆ. ಇಬ್ಬರೂ ನಕ್ಕೆವು.

ಮಾರ್ಚ್ 25, ಮಂಗಳವಾರ

ನನ್ನ ಮಾದರಿ: ಹಳೆಯ ಚಾದರ, ಮೂರು ಪ್ಲಾಸ್ಟಿಕ್ ಪೈಪು, ಪೇಪರು ಕತ್ತರಿಸಿ ತೆಗೆದ ಅಳತೆ. ಇವರದು ಕಬ್ಬಿಣದ ತಂತಿ. ಬಗ್ಗಿಸಿ ಬಗ್ಗಿಸಿ ಗಾಳಿಯಲ್ಲೇ ಒಂದು ತಲೆ ಬರೆದಿದ್ದಾರೆ, ಅದರ ಮೇಲೆ ಫ್ರಿಜ್ ಡಬ್ಬದ ರಟ್ಟು. ಹಿಂದಿನ ಇಳಿಜಾರು ಬಂದು ಡಿಕ್ಕಿಗೆ ಸೇರುವ ಜಾಗ ಎಷ್ಟು ಚೆಂದ ಆಗಿದೆ ಅಂದರೆ ನನಗೆ ಹೊಟ್ಟೆ ಉರಿಯಿತು. ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆ. ಹೊಟ್ಟೆ ಉರಿಯಿತು.

ಇನ್ನೊಂದು ವಿಷಯ. ತಂತಿ ಬಿಗಿಯುವಾಗ ಇವರ ಬಲಗೈ ನಡುಗುತ್ತಿತ್ತು. ಮೊದಲ ಸಲ ನೋಡಿದ್ದಲ್ಲ, ದೀಪಾವಳಿಯಿಂದ ನೋಡುತ್ತಿದ್ದೇನೆ. ಚಹಾ ಅರ್ಧ ಲೋಟ ಸಾಕು ಅನ್ನುತ್ತಾರೆ. ನಾನೂ ಅರ್ಧವೇ ಹಾಕುತ್ತೇನೆ. ಅದರ ಬಗ್ಗೆ ಇಬ್ಬರೂ ಒಂದು ಮಾತು ಆಡಿಲ್ಲ.

ಮಾರ್ಚ್ 30, ಭಾನುವಾರ. ಯುಗಾದಿ. ಸಂಜೆ 5

ಬಂದಿದ್ದರು. ಮಧುಕರ್ ಅವರ ತಾಯಿ ಕಮಲಮ್ಮ. ತೆಳ್ಳಗಿನ ಜೀವ, ಬಿಸಿಲಿಗೆ ಕಪ್ಪು ಕೊಡೆ. ಬೇವು-ಬೆಲ್ಲ ಕೊಟ್ಟೆ, ತಿಂದರು. ಗಾಡಿ ನೋಡಿ, "ಇದೇನೋ ಮಧು, ಬೋಳು ತಲೆ ಕಾರು ತಗೊಂಡಿದ್ದೀಯ!" ಅಂದರು.

ಮೊದಲು ನನ್ನ ಚಾದರದ ಹುಡ್ ಏರಿಸಿದೆವು. "ತೊಟ್ಲಿಗೆ ಪರದೆ ಕಟ್ದಂಗಿದೆ," ಅಂದರು ಕಮಲಮ್ಮ. ಹೊಗಳಿದರೋ ತೆಗಳಿದರೋ ಗೊತ್ತಾಗಲಿಲ್ಲ. ಆಮೇಲೆ ರಟ್ಟಿನ ಕೂಪೆ. ಮಧುಕರ್ ಗಾಡಿಗೆ ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು. ಮೊಬೈಲ್ ತೆಗೆದು ಫೋಟೋ ಹೊಡೆದರು. ಚಾದರಕ್ಕೆ ಫೋಟೋ ಹೊಡೆದಿರಲಿಲ್ಲ. ಮುಖ ನೋಡಿದರೆ ಸಾಕಿತ್ತು — ಕೂಪೆ. ಮುಗಿಯಿತು.

ಇವರು ಖುಷಿಯಲ್ಲಿ ಕಮಲಮ್ಮನವರಿಗೆ ಸುತ್ತಿಗೆಗಳನ್ನು ತೋರಿಸಲು ಒಳಗೆ ಕರೆದುಕೊಂಡು ಹೋದರು. ಹೊರಗೆ ನಾನು, ಮಧುಕರ್ ಇಬ್ಬರೇ.

ಆಗ ಹೇಳಿದೆ. "ಸರ್, ನಾ ಹೇಳಬಾರದು. ಅವರ ಕೈ ಮೊದಲಿನಂಗ ಇಲ್ರಿ. ನಡುಗ್ತದ. ಇಡೀ ತಗಡು ಬಡಿಯೋದು ಆಗ್ತದೋ ಇಲ್ಲೋ ನನಗಂತೂ ಭರೋಸಾ ಇಲ್ಲ."

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಆದರೆ ಗಿರಾಕಿಯ ಗಾಡಿ ಕೆಡಬಾರದು ಅಂತ ಹೇಳಿದೆನೋ, ಹುಡ್ ನನಗೆ ಸಿಗಲಿ ಅಂತ ಹೇಳಿದೆನೋ, ಅದು ನನಗೊಬ್ಬಳಿಗೆ ಗೊತ್ತು.

ಮಧುಕರ್, "ಓ... ಸಾರಿ ಅಕ್ಕ, ನಂಗೆ ಗೊತ್ತಿರ್ಲಿಲ್ಲ," ಅಂದು ನೆಲ ನೋಡಿದರು. ಒಳಗೆ ಕಮಲಮ್ಮ ಸುತ್ತಿಗೆ ಹಿಡಿದು ಏನನ್ನೋ ಬಡಿದ ಸದ್ದು. ಹಿಂದೆಯೇ ಇವರ ನಗು.

ಹೋಳಿಗೆ ಮಾಡಿದ್ದೆ. ನನಗೆ ಸೇರಲಿಲ್ಲ.

ಏಪ್ರಿಲ್ 2, ಬುಧವಾರ

ಫೋನ್ ಬಂತು. ಕನ್ವರ್ಟಿಬಲ್.

ಏಪ್ರಿಲ್ 3, ಗುರುವಾರ

ಇವರು ಏನೂ ಜಗಳ ಮಾಡಲಿಲ್ಲ. "ಛಲೋ ಆತು. ಹೊಲಿ," ಅಂದರು. ರಟ್ಟಿನ ಕೂಪೆಯನ್ನು ಎಸೆಯಲಿಲ್ಲ, ಶೆಡ್ಡಿನ ಮೂಲೆಗೆ ಒರಗಿಸಿಟ್ಟರು. ಜಗಳ ಮಾಡಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 9, ಬುಧವಾರ

ಇವರು ಕುರಕುಂಭಕ್ಕೆ ಹೊರಟುಹೋದರು. ಅಲ್ಲಿ ಕೆಮಿಕಲ್ ಕಾರ್ಖಾನೆಗಳಿಗೆ ದೊಡ್ಡ ಟ್ಯಾಂಕ್ ಮಾಡಿಕೊಡುವ ಕಡೆ ಕೆಲಸವಂತೆ. ಇವರ ಊರಿನ ಶಂಕ್ರೆಪ್ಪ ಅಲ್ಲಿ ಮೇಸ್ತ್ರಿ. ಉಳಿಯುವುದೂ ಅವನ ಖೋಲಿಯಲ್ಲೇ. "ಇಲ್ಲಿ ಶೆಡ್ಡಿನಾಗ ಕುಂತು ನೊಣಾ ಹೊಡೀಲೇನು?" ಅಂದರು. ರಜೆ ಸಿಕ್ಕಾಗ ಬರುತ್ತಾರೆ. ಸುತ್ತಿಗೆ ಒಂದೂ ಒಯ್ಯಲಿಲ್ಲ.

ಹೋಗುವಾಗ ಹಸಿರು ಗಾಡಿಗೆ ತಾಡಪತ್ರಿ ಹೊದಿಸಿ ಹೋದರು. ನನಗೆ ಹೇಳಬೇಕಾದದ್ದು ಇತ್ತು. ರೊಟ್ಟಿ ಕಟ್ಟಿಕೊಟ್ಟೆ, ಅಷ್ಟೇ.

ಏಪ್ರಿಲ್ 26, ಶನಿವಾರ. ಮಧ್ಯಾಹ್ನ 3

ಹುಡ್ ಕೂರಿಸಿದೆ!

ಮಧುಕರ್ ಇಂಗ್ಲೆಂಡಿನಿಂದ ತರಿಸಿದ ಕಮಾನುಗಳು ಹೋದ ವಾರವೇ ಬಂದಿದ್ದವು. ಹೊಲಿಗೆ ಹದಿನಾರು ದಿನ ಆಯಿತು. ಕಿಟಕಿಯ ಸುತ್ತ ಎರಡು ಸಲ ಬಿಚ್ಚಿದೆ. ಇವತ್ತು ಬಿಸಿಲು ನಲವತ್ತು. ಇಂಥ ಬಿಸಿಲಿಗೇ ಕಾಯುತ್ತಿದ್ದೆ. ರೆಕ್ಸಿನ್‌ ಅನ್ನು ಒಂದು ಗಂಟೆ ಅಂಗಳದಲ್ಲಿ ಹಾಸಿಟ್ಟೆ, ಹೋಳಿಗೆಯ ಕಣಕದಷ್ಟು ಮೆತ್ತಗಾಯಿತು. ಹಾಗಿರುವಾಗಲೇ ಇದ್ದ ಬಲವೆಲ್ಲ ಹಾಕಿ ಎಳೆದು, ಮುಂದಿನ ಪಟ್ಟಿಗೆ ಅಂಟಿಸಿ, ಮೊಳೆ ಹೊಡೆದು, ಉಳಿದ ಅಂಚನ್ನು ಕತ್ತರಿಸಿ ಎಸೆದೆ. ರಿಕ್ಷಾ ಕೆಲಸದ ಗುಟ್ಟೇ ಇದು. ಬಿಸಿಲಲ್ಲಿ ಎಳೆದು ಕಟ್ಟಿದರೆ ಒಂದು ಸುಕ್ಕು ಬರುವುದಿಲ್ಲ. ಬೆರಳಲ್ಲಿ ಬಡಿದರೆ ಹಲಗೆಯ ಸದ್ದು.

ಗಾಡಿಯ ಸುತ್ತ ನಾಲ್ಕು ಸಲ ಓಡಾಡಿದೆ. ನಲವತ್ತಾರು ವರ್ಷದ ಹೆಂಗಸು, ಬೀದಿಯವರು ನೋಡುತ್ತಿದ್ದಾರೆ ಅನ್ನುವುದೂ ಮರೆತೆ. ಎಷ್ಟು ಚೆಂದ ಇದೆ! ನಾನೇ ಹೊಲಿದದ್ದು.

ಇವರಿಗೆ ಫೋನ್ ಮಾಡಿ ಹೇಳಿದೆ. "ಹೂಂ, ಛಲೋ ಆತು," ಅಂದರು. ಹಿಂದೆ ಯಂತ್ರದ ಸದ್ದೇ ಇರಲಿಲ್ಲ. ಊಟದ ಹೊತ್ತು ಇರಬೇಕು.

ಮೇ 4, ಭಾನುವಾರ

ಮಧುಕರ್ ಗಾಡಿ ತೆಗೆದುಕೊಂಡು ಹೋದರು. ಬಿಸಿಲಲ್ಲೇ ಎರಡು ಸಲ ಮಡಚಿ, ಎರಡು ಸಲ ಹಾಕಿ ತೋರಿಸಿದೆ, ಸಲೀಸಾಗಿ ಕೂತಿತು. "ಸೂಪರ್ ಅಕ್ಕ, ಸೂಪರ್," ಅಂದರು, ಎಷ್ಟು ಸಲ ಅಂದರೋ. ನನ್ನನ್ನು ಗಾಡಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಫೋಟೋದಲ್ಲಿ ಒಂದು ಕಡೆ ಜಾಗ ಖಾಲಿ ಇದೆ, ಇವರು ನಿಲ್ಲಬಹುದಿತ್ತು.

ಜೂನ್ 8, ಭಾನುವಾರ

ಇವರು ಬಂದಿದ್ದರು, ಒಂದೇ ದಿನಕ್ಕೆ. ಇಳಿದುಹೋಗಿದ್ದಾರೆ. ಚಹಾ ಎಡಗೈಯಲ್ಲಿ ಕುಡಿದರು. ಯಾಕೆ ಅಂದರೆ, "ರೂಢಿ," ಅಂದರು. ಐವತ್ತೊಂದನೇ ವಯಸ್ಸಿಗೆ ಹೊಸ ರೂಢಿ. ಹೇಳಿಬಿಡೋಣ ಅಂತ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಮಳೆಯ ಬಗ್ಗೆ ಮಾತಾಡಿದೆ.

ಜುಲೈ 13, ಭಾನುವಾರ. ಸಂಜೆ 7

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮಧುಕರ್ ಫೋನ್ ಮಾಡಿದ್ದರು. ಈ ವಾರ ಮಳೆ ಬಿಟ್ಟಿತ್ತಲ್ಲ, ಬೇಸ್‌ಮೆಂಟಿನಲ್ಲಿ ಗಾಡಿಯ ಹುಡ್ ಮಡಚಿಯೇ ಇಟ್ಟಿದ್ದರಂತೆ. ಇವತ್ತು ಹೇಗೋ ಪೂಸಿ ಹೊಡೆದು ಅಮ್ಮನನ್ನು ಹೊರಡಿಸಿ ಪಾನಶೇತ್ ಅಣೆಕಟ್ಟಿನ ಕಡೆಗೆ ಹೋಗಿದ್ದಾರೆ. ಖಡಕವಾಸ್ಲಾ ದಾಟಿದ ಮೇಲೆ ಒಂದೇ ಸಮನೆ ಸುರಿದಿದೆ. ಗಾಡಿ ನಿಲ್ಲಿಸಿ ಹುಡ್ ಎಳೆದರೆ ಮುಂದಿನ ಗಾಜಿಗೆ ಮುಟ್ಟುತ್ತಿಲ್ಲ, ಎರಡು ಬೆರಳು ಕಡಿಮೆ. ತಾಯಿ ಮಗ ಇಬ್ಬರೂ ಜೋತುಬಿದ್ದು ಎಳೆದರೂ ಕ್ಲಿಪ್ ಸಿಗಲಿಲ್ಲ. ಕೊನೆಗೆ ಹುಡ್ ಹಿಂದಕ್ಕೆ ಹಾಕಿ, ಕಮಲಮ್ಮ ಕೊಡೆ ಬಿಚ್ಚಿ ಹಿಡಿದುಕೊಂಡು, ಹಾಗೇ ಬಾಣೇರಿನವರೆಗೆ ಬಂದಿದ್ದಾರೆ.

"ನಿಮ್ಮನ್ನ ಬೈತಿಲ್ಲ ಅಕ್ಕ," ಅಂದರು. "ಆದ್ರೆ ಅಮ್ಮಂಗೆ ಅರವತ್ತೆಂಟು. ಏನಾದ್ರೂ ಆಗಿದ್ರೆ? ಕೂಪೆನೇ ಮಾಡಿಸ್ಬೇಕಿತ್ತು ಅನ್ಸುತ್ತೆ."

ಬೈದಿದ್ದರೆ ಜಗಳವಾಡಬಹುದಿತ್ತು. ಫೋನ್ ಇಟ್ಟು ಅತ್ತೆ.

ಜುಲೈ 15, ಮಂಗಳವಾರ

ಗಾಡಿ ಬಂದಿದೆ. ಹೊರಗೆ ಮಳೆ, ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ. ನಾನೂ ಎಳೆದು ನೋಡಿದೆ. ಎರಡು ಬೆರಳು.

ಹೊಲಿಗೆ ಎಲ್ಲೂ ಬಿಟ್ಟಿಲ್ಲ, ಕಮಾನು ಬಗ್ಗಿಲ್ಲ. ಒಂದು ಗಂಟೆ ಪಕ್ಕದಲ್ಲಿ ಕುಳಿತ ಮೇಲೆ ತಲೆಗೆ ಹೊಳೆಯಿತು. ರೆಕ್ಸಿನ್ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ರಿಕ್ಷಾದಲ್ಲಿ ಅದು ಕುಗ್ಗಿದಷ್ಟೂ ಬಿಗಿ, ಕಟ್ಟಿದ ಮೇಲೆ ಬಿಚ್ಚುವುದೇ ಇಲ್ಲವಲ್ಲ. ಇದು ಮಡಚಿಡುವ ಹುಡ್. ಮಡಚಿಟ್ಟಾಗ ಹಿಡಿದೆಳೆಯುವವರು ಯಾರೂ ಇಲ್ಲದೆ ತನ್ನಷ್ಟಕ್ಕೆ ಕುಗ್ಗಿ ಕೂತಿದೆ. ಏಪ್ರಿಲ್ ಬಿಸಿಲಲ್ಲಿ ಸೊಕ್ಕಿನಿಂದ ಎಳೆದು, ಮಿಕ್ಕ ಅಂಚನ್ನೂ ಕತ್ತರಿಸಿದ್ದೆ. ಇಪ್ಪತ್ತೆರಡು ವರ್ಷದ ಅನುಭವವೇ ನನ್ನನ್ನು ಕೆಡವಿತು.

ಭಾನುವಾರ ಮಧುಕರ್ ಬರುತ್ತಾರೆ, ಕೂಪೆಯ ಮಾತಾಡಲು. ಇವರನ್ನೂ ಕುರಕುಂಭದಿಂದ ಬರಹೇಳಿದ್ದಾರೆ. ಹೋಗಲಿ, ಸಿಗಬೇಕಾದವರಿಗೇ ಕೆಲಸ ಸಿಗುತ್ತಿದೆ ಅಂತ ಸಮಾಧಾನ ಮಾಡಿಕೊಳ್ಳಬೇಕು. ಆಗುತ್ತಿಲ್ಲ. ಆ ಕೈಯಲ್ಲಿ ಹೇಗೆ ಬಡಿಯುತ್ತಾರೆ? ಆಗಲ್ಲ ಅಂತ ಎಲ್ಲರ ಮುಂದೆ ಗೊತ್ತಾದರೆ?

ಜುಲೈ 20, ಭಾನುವಾರ. ಮಧ್ಯಾಹ್ನ

ಎಲ್ಲರೂ ಈಗ ಹೋದರು. ಒಂದೂ ಬಿಡದೆ ಬರೆಯಬೇಕು.

ಮಧುಕರ್ ಜೊತೆ ಕಮಲಮ್ಮನವರೂ ಬಂದಿದ್ದರು. ನೆಗಡಿಯಾಗಿ ಮೂಗು ಕೆಂಪು. ನಾನು ಕ್ಷಮೆ ಕೇಳಲು ಹೋದರೆ ನನ್ನ ಕೈ ಹಿಡಿದುಕೊಂಡು ನಗಲು ಶುರು ಮಾಡಿದರು. "ಅಯ್ಯೋ ಬಿಡಮ್ಮ! ಬಸ್ಸಲ್ಲಿರೋರೆಲ್ಲ ಕಿಟಕಿಯಿಂದ ಬಗ್ಗಿ ಬಗ್ಗಿ ನೋಡೋರು. ಕಾರೊಳಗೆ ಕೊಡೆ! ಕೊಡೆನೂ ಉಲ್ಟಾ ಆಯ್ತು. ನಾನು ಇಷ್ಟು ನಕ್ಕು ಎರಡು ವರ್ಷ ಆಗಿತ್ತು."

"ಅಮ್ಮ, ನಿಂಗೆ ಜ್ವರ ಬಂದಿದ್ರೆ?" ಅಂದರು ಮಧುಕರ್.

"ಬಂದಿದ್ರೆ ಮಾತ್ರೆ ನುಂಗ್ತಿದ್ದೆ. ನನ್ನ ನೆಪ ಹೇಳ್ಕೊಂಡು ಕಬ್ಬಿಣದ ತಲೆ ಹಾಕಿಸ್ಬೇಡ ನೀನು. ಕೂತ್ರೆ ಆಕಾಶ ಕಾಣ್ಬೇಕು."

ಆದರೆ ಮಧುಕರ್ ಮನಸ್ಸು ಮಾಡಿಕೊಂಡೇ ಬಂದಿದ್ದರು. "ಅಣ್ಣ, ನಿಮ್ ಕೈ... ಈಗ ಹೇಗಿದೆ? ಆಗುತ್ತೆ ಅಂದ್ರೆ ಕೂಪೆ ಮಾಡ್ಕೊಡಿ," ಅಂದರು.

ಇವರು ಗಾಡಿಯ ಹತ್ತಿರ ಹೋದರು. ಹುಡ್ ಎಳೆದು ಆ ಎರಡು ಬೆರಳಿನ ಸಂದಿಯಲ್ಲಿ ತಮ್ಮ ಬೆರಳಿಟ್ಟು ನೋಡಿದರು. ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಸವರಿದರು. ಕಿಟಕಿಯ ಸುತ್ತ ನಿಧಾನವಾಗಿ. ನಾನು ಹೊಲಿದ ಈ ಹುಡ್ ಅನ್ನು ಅವರು ನೋಡಿದ್ದು ಇದೇ ಮೊದಲು.

"ಸಾಹೇಬ್ರ, ಹೊಲಿಗಿ ಭಾಳ ಛಲೋ ಅದ. ತಪ್ಪಾಗಿದ್ದು ಹೊಲಿಗಿದಲ್ಲ, ಹವಾದ್ದು. ಇದನ್ನ ಬ್ಯಾಸಿಗ್ಯಾಗ ಎಳದಾಳ, ಮಳಿಗಾಲದಾಗ ಎಳೀಬೇಕಾಗಿತ್ತು. ಆಕಿಗಿ ಇನ್ನೊಂದು ಅವಕಾಶ ಕೊಡ್ರಿ."

"ಕೊಡ್ದೆ ಕೂಪೆನೇ ಅಂದ್ರೆ?" ಅಂದರು ಮಧುಕರ್.

ಇವರು ಬಲಗೈಯನ್ನು ಮುಂದೆ ಚಾಚಿದರು, ಎಲ್ಲರ ಎದುರಿಗೆ. ಕೈ ನಡುಗುತ್ತಿತ್ತು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನನ್ನಿಂದ ಆಗಂಗಿಲ್ರಿ. ಯುಗಾದಿ ದಿನ ಸುಮಂಗಲಾ ನಿಮಗ ಹೇಳಿದ್ದು ಖರೇ ಅದ."

ಗೊತ್ತಿತ್ತು. ಇವರಿಗೆ ಗೊತ್ತಿತ್ತು! ಮಧುಕರ್ ಮುಖ ಕೆಂಪಾಯಿತು. ಕಮಲಮ್ಮ ಒಬ್ಬರೇ ಮುಂದೆ ಬಂದು ಆ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು, "ಡಾಕ್ಟ್ರಿಗೆ ತೋರಿಸಿದ್ಯೇನಪ್ಪಾ?" ಅಂದರು. ಇಲ್ಲ ಅಂದರು ಇವರು. "ಮತ್ತೆ ಏನ್ ಮಾಡ್ತಿದ್ದೀರ ಗಂಡ ಹೆಂಡ್ತಿ ಇಬ್ರೂ?" ಅಂತ ಬೈದರು.

ಕೊನೆಗೆ ಆದ ತೀರ್ಮಾನ: ಹೊಸದಾಗಿ ಹೊಲಿಯುವುದು. ಈ ಚಳಿಯಲ್ಲೇ ಐದು ದಿನ ಮಡಚಿಟ್ಟು, ಎಲ್ಲರ ಎದುರು ಹಾಕುವುದು. ಆಗಸ್ಟ್ ಹದಿನೈದಕ್ಕೆ. ಮುಟ್ಟಿದರೆ ಕನ್ವರ್ಟಿಬಲ್. ಮುಟ್ಟದಿದ್ದರೆ ಗಾಡಿ ಬೇರೆ ಶೆಡ್ಡಿಗೆ, ಕೂಪೆ ಮಾಡಿಸಲು. ಅಂದರೆ ನನಗೂ ಇಲ್ಲ, ಇವರಿಗೂ ಇಲ್ಲ.

ಜುಲೈ 21, ಸೋಮವಾರ. ಬೆಳಿಗ್ಗೆ

ಇವರು ಕುರಕುಂಭಕ್ಕೆ ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲವಂತೆ.

ಹೇಗೆ ಗೊತ್ತಾಯಿತು ಅಂತ ನಾನೇ ಕೇಳಿದೆ. ಯುಗಾದಿಯ ಮರುದಿನವೇ ಮಧುಕರ್ ಫೋನ್ ಮಾಡಿ, ಅಣ್ಣ, ಒಳ್ಳೆಯ ಡಾಕ್ಟರ್ ಗೊತ್ತಿದ್ದಾರೆ, ಕರೆದುಕೊಂಡು ಹೋಗಲಾ ಅಂದಿದ್ದರಂತೆ. ಆಗ ಅರ್ಥವಾಯಿತು ಅಂದರು. ಮೂರೂವರೆ ತಿಂಗಳು ಒಳಗೇ ಇಟ್ಟುಕೊಂಡಿದ್ದಾರೆ.

"ಅಲ್ಲಿ ಯಾರಿಗೂ ನನ್ನ ಕೈ ಗೊತ್ತಿಲ್ಲ ಅಂತ ಹೋದೆ," ಅಂದರು. "ಮೂರನೇ ದಿನಕ್ಕ ಗೊತ್ತಾತು. ಶಂಕ್ರೆಪ್ಪ ಗೇಟಿನ ಹಂತ್ಯಾಕ ಕೂಡಿಸಿದ. ಒಳಗ ಬಂದ ಲಾರಿ ನಂಬರ್ ಬರಿಯೋದು. ಅದೂ ಸೊಟ್ಟ ಬರ್ತಿತ್ತು."

ತಪ್ಪಾಯಿತು ಅಂದೆ. "ತಪ್ಪಾತ್ರಿ." ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಈ ಮಾತು ಇವರಿಗೆ ಹೇಳಿದ ನೆನಪಿಲ್ಲ.

ಇವರು ನನ್ನ ಕಡೆ ತಿರುಗಿದರು. "ನೀ ಸುಳ್ಳೇನು ಹೇಳಿಲ್ಲ. ಆದ್ರ ನನಗ ಮೊದಲು ಹೇಳಬೇಕಾಗಿತ್ತು, ಅವರಿಗಲ್ಲ. ನಿನಗ ಗೊತ್ತದ ಅಂತ ನನಗ ಗೊತ್ತಿತ್ತು. ನೀ ಯಾವಾಗ ಕೇಳ್ತಿ ಅಂತ ದಾರಿ ನೋಡ್ಲಕತ್ತಿದ್ದೆ."

ಚಹಾ ಮಾಡಿ ಎಂದಿನಂತೆ ಅರ್ಧ ಲೋಟ ಹಾಕಿದೆ.

"ಪೂರ್ತಿ ಹಾಕು," ಅಂದರು.

ತುಂಬಿಸಿ ಕೊಟ್ಟೆ. ಬಲಗೈಯಲ್ಲೇ ಹಿಡಿದರು. ಅಂಗಿಯ ಮೇಲೆ ಚೆಲ್ಲಿತು, ನೆಲಕ್ಕೂ ಚೆಲ್ಲಿತು. ಮಿಕ್ಕದ್ದನ್ನು ಕುಡಿದರು. ನಾನು ಒರೆಸಿದೆ.

ಜುಲೈ 29, ಮಂಗಳವಾರ. ನಾಗರ ಪಂಚಮಿ

ಡಾಕ್ಟರ್ ಹತ್ತಿರ ಹೋಗಿ ಬಂದೆವು. ಇವರನ್ನು ನಡೆಸಿ ನೋಡಿದರು, ಬರೆಸಿ ನೋಡಿದರು, ಮೂಗು ಮುಟ್ಟಿಸಿದರು. ನಾವು ಹೆದರಿದ್ದ ರೋಗ ಅಲ್ಲವಂತೆ. ಕೆಲವರಿಗೆ ಹೀಗೆ ಕೈ ನಡುಗುತ್ತದಂತೆ. ಪೂರ್ತಿ ನಿಲ್ಲಲಿಕ್ಕಿಲ್ಲ, ಗುಳಿಗೆಯಿಂದ ಕಡಿಮೆಯಾಗಬಹುದು, ಕೆಲಸ ಬಿಡಬೇಕಾಗಿಲ್ಲ ಅಂದರು. ಹೊರಗೆ ಬಂದು ಇವರು, "ಇಷ್ಟಕ್ಕ ಗೇಟ್ ಕಾಯ್ಲಕ ಹೋಗಿದ್ನೇನು!" ಅಂದರು. ಇಬ್ಬರೂ ರಸ್ತೆಯಲ್ಲೇ ನಿಂತು ನಕ್ಕೆವು.

ಅಳ್ಳಿಟ್ಟಿನ ಉಂಡಿ ಮಾಡಿದೆ. ಈ ಸಲ ನಾನೂ ತಿಂದೆ.

ಆಗಸ್ಟ್ 6, ಬುಧವಾರ. ಸಂಜೆ

ಮೇಲಿನ ಪಟ್ಟಿ ಪೂರ್ತಿ ಹೊಸದು. ಮಳೆ ಸುರಿಯುವಾಗ, ಶೆಡ್ಡಿನ ಬಾಗಿಲು ತೆರೆದಿಟ್ಟು ಅಳತೆ ತೆಗೆದೆ. ಬೆರಳು ನೆಟ್ಟಗಾಗದಷ್ಟು ಚಳಿ. ಎಳೆಯಬೇಕು, ಆದರೆ ಜಾಸ್ತಿ ಎಳೆಯಬಾರದು. ನನ್ನ ಕೈಗೆ ಎಳೆದೇ ಅಭ್ಯಾಸ.

ಇವರು ಎದುರು ನಿಂತು ಅಂಚು ಹಿಡಿದರು. "ಸಡ್ಲ ಬಿಡು," ಅಂದರು. ಬಿಟ್ಟಿದ್ದೀನಿ ಅಂದೆ. "ಇನ್ನಾ ಬಿಡು." ಸುಕ್ಕು ಬೀಳುತ್ತದೆ ಅಂದೆ. "ಸುಕ್ಕು ಬಿದ್ರ ಬೀಳ್ಲಿ, ಮನ್ಷಾರಿಗೆ ಬೀಳಂಗಿಲ್ಲೇನು?" ಅರ್ಧ ಗಂಟೆ ಜಗಳ. ಆಮೇಲೆ ಇಬ್ಬರೂ ಒಪ್ಪುವ ಒಂದು ಜಾಗ ಸಿಕ್ಕಿತು. ಅಲ್ಲೇ ಗುರುತು ಹಾಕಿದೆ. ಗುಳಿಗೆ ಶುರುವಾಗಿ ವಾರವಾಯಿತು. ಕೈ ಇನ್ನೂ ನಡುಗುತ್ತದೆ, ಆದರೆ ಅಂಚು ಬಿಡಲಿಲ್ಲ.

ಬೇಸಿಗೆಯಲ್ಲಿ ರೆಕ್ಸಿನ್ ಜೋತುಬೀಳಬಾರದಲ್ಲ. ಅದಕ್ಕೆ ಇವರು ಕಮಾನಿನ ಬುಡದ ತೂತುಗಳನ್ನು ಉದ್ದ ಮಾಡಿದ್ದಾರೆ. ಬಿಸಿಲಿಗೆ ಹಿಂದಕ್ಕೆ ಸರಿಸಿ ಬೋಲ್ಟ್ ಬಿಗಿ, ಮಳೆಗೆ ಮುಂದಕ್ಕೆ. ಅರದಿಂದ ಎರಡು ದಿನ ಉಜ್ಜಿದರು. ಮೊದಲು ಒಂದು ಗಂಟೆಯ ಕೆಲಸ ಅದು. ನಾನು ಸಹಾಯಕ್ಕೆ ಹೋಗಲಿಲ್ಲ, ಅವರೂ ಕರೆಯಲಿಲ್ಲ. ತೂತಿನ ಅಂಚು ಬೆರಳಿಗೆ ತಾಗುವುದೇ ಇಲ್ಲ, ಅಷ್ಟು ನುಣುಪು.

ಆಗಸ್ಟ್ 10, ಭಾನುವಾರ

ಹುಡ್ ಮಡಚಿಟ್ಟಿದ್ದೇವೆ. ಐದು ದಿನ ಮುಟ್ಟುವಂತಿಲ್ಲ. ನಾನು ಕದ್ದು ಎಳೆದು ನೋಡುತ್ತೇನೆ ಅಂತ ಶೆಡ್ಡಿಗೆ ಬೀಗ ಹಾಕಿ ಕೀಲಿ ಇವರು ಇಟ್ಟುಕೊಂಡಿದ್ದಾರೆ. ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲ. ಸರಿಯಾಗಿಯೇ ಇದೆ, ಇವತ್ತೇ ಎರಡು ಸಲ ಕೀಲಿ ಕೇಳಿದೆ.

ಆಗಸ್ಟ್ 13, ಬುಧವಾರ

ರಿಕ್ಷಾ ಹುಡ್ ಒಂದು. ಮನಸ್ಸಿಲ್ಲ. ಮಳೆ.

ಆಗಸ್ಟ್ 15, ಶುಕ್ರವಾರ. ಮಧ್ಯಾಹ್ನ 3.40

ಬೆಳಿಗ್ಗೆಯಿಂದ ಜಿಟಿಜಿಟಿ. ಚಳಿ. ಇದಕ್ಕಿಂತ ಕೆಟ್ಟ ಹವೆ ನಾನೇ ಕೇಳಿದ್ದರೂ ಸಿಗುತ್ತಿರಲಿಲ್ಲ. ನಾಲ್ಕಕ್ಕೆ ಬರುತ್ತೇವೆ ಅಂದಿದ್ದಾರೆ. ಕೈಗೆ ಕೆಲಸ ಬೇಕು ಅಂತ ಬರೆಯುತ್ತಾ ಕುಳಿತಿದ್ದೇನೆ. ಅವಲಕ್ಕಿ ಮಾಡಿಟ್ಟಿದ್ದೇನೆ. ಮುಟ್ಟದಿದ್ದರೆ ಯಾರಿಗೆ ಸೇರುತ್ತದೆ?

ಮುಟ್ಟದಿದ್ದರೆ... ಇನ್ನೊಂದು ಸಲ ಬಿಚ್ಚೋಣ ಅಂದರು ಇವರು, ಊಟದ ಹೊತ್ತಿನಲ್ಲಿ. ಗಾಡಿಯನ್ನು ಅವರು ಒಯ್ದರೂ ನಮ್ಮ ಖರ್ಚಿನಲ್ಲೇ ಇನ್ನೊಂದು ಹೊಲಿದು ಅವರ ಮನೆಗೇ ಒಯ್ದು ಕೊಡೋಣ ಅಂದರು. ಬಿಚ್ಚೋಣ, ಹೊಲಿಯೋಣ ಅಂದರು. "ನೀ ಬಿಚ್ಚು, ನೀ ಹೊಲಿ" ಅನ್ನಲಿಲ್ಲ. ಅದನ್ನು ಕೇಳಿದ ಮೇಲೆ ನನಗೆ ಅರ್ಧ ಹೆದರಿಕೆ ಹೋಯಿತು. ಉಳಿದರ್ಧ ಇನ್ನೂ ಇದೆ.

3.55

ಬಂದರು. ರಸ್ತೆಯ ತಿರುವಿನಲ್ಲಿ ಕಮಲಮ್ಮನವರ ಕೊಡೆ ಕಾಣುತ್ತಿದೆ. ಶೆಡ್ಡಿನ ಬೀಗ ತೆಗೆದ ಸದ್ದು. ಇವರು ಎಲ್ಲರೂ ಬರುವ ತನಕ ಕಾಯಬೇಕಿತ್ತು. ಕಾಯುವ ಮನುಷ್ಯನೇ ಅಲ್ಲ. ಹುಡ್ ಎಳೆದ ಸದ್ದು, ಕಮಾನು ಒಂದು, ಎರಡು...

ಕೂಗುತ್ತಿದ್ದಾರೆ. "ಏ ಸುಮಂಗಲಾ! ಇನ್ನಾ ಬರ್ಕೋತ ಕುಂತಿಯೇನು? ಲಗೂ ಬಾ, ಬಲಗಡಿ ಕ್ಲಿಪ್ ನೀ ಹಾಕು."

ಎಡಗಡೆಯದು ಯಾರು ಹಾಕುತ್ತಾರೆ ಅಂತ ಇಲ್ಲಿಂದಲೇ ಕೂಗಿದೆ.

"ಎಡಗಡಿದು ನಾ ಹಾಕೀನಿ."

ಹಾಕಿದ್ದಾರಂತೆ. ಒಬ್ಬರೇ, ಆ ಕೈಯಿಂದಲೇ. ಎಡಗಡೆ ಮುಟ್ಟಿದೆ ಅಂದರೆ ಬಲಗಡೆಯೂ... ಹೋದೆ, ಮತ್ತೆ ಕರೆಯುತ್ತಿದ್ದಾರೆ.